ಹೊಲಕ್ಕೂ ಕಡಲ ದಂಡೆಗೂ ಆಗುವಂಥ ಪಿನ್‌ಪಾಯಿಂಟರ್ ಯಾವುದು?

ನೀವು ಕೇಳಿದ್ದು ಇಷ್ಟು: ಇಂಗ್ಲೆಂಡಿನ ಸಫೋಕ್‌ನಲ್ಲಿದ್ದೀರಿ. ಮಣ್ಣಿನಲ್ಲಿರುವ ಲೋಹ ಹುಡುಕುವ ಮಿನೆಲ್ಯಾಬ್ ವ್ಯಾಂಕ್ವಿಶ್ 440 ಡಿಟೆಕ್ಟರ್ ಕೊಂಡಿದ್ದೀರಿ. ಪಕ್ಕದ ಹಳ್ಳಿಯ ರೈತರೊಬ್ಬರು ಹೊಲದಲ್ಲಿ ಹುಡುಕಲು ಒಪ್ಪಿದ್ದಾರೆ. ಆಗಾಗ ಕಡಲ ದಂಡೆಗೂ ಹೋಗುವ ಆಸೆ. ಡಿಟೆಕ್ಟರ್‌ನಲ್ಲೇ ಪಿನ್‌ಪಾಯಿಂಟ್ ಬಟನ್ ಇರುವಾಗ ಗುಂಡಿಯೊಳಗೆ ಲೋಹ ಎಲ್ಲಿದೆ ಅಂತ ತೋರಿಸುವ, ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್ ಬೇರೆ ಬೇಕಾ? 25 ಪೌಂಡಿನದು ಸಾಕಾ, ನೂರು ದಾಟಿದ್ದೇ ಬೇಕಾ? ರಜೆಗೆ ಬಂದಾಗ ಕರ್ನಾಟಕಕ್ಕೂ ತರಬಹುದಾ?

ನಾನಿರುವುದು ನಿಮ್ಮ ಪಕ್ಕದ ನಾರ್ಫೋಕ್‌ನಲ್ಲಿ. ನಿಮ್ಮದೇ ತರಹದ ಹೊಲಗಳಲ್ಲಿ ಹುಡುಕುತ್ತೇನೆ. ಪಿನ್‌ಪಾಯಿಂಟರ್ ಖಂಡಿತ ಬೇಕು. ಆದರೆ ಡಬ್ಬಿಯ ಮೇಲೆ ಬರೆದಿರುವ ಆಳದ ಲೆಕ್ಕ ನೋಡಿ ಕೊಳ್ಳಬೇಡಿ.

440ರ ಕಾಯಿಲ್, ಅಂದರೆ ಲೋಹವನ್ನು ಗುರುತಿಸುವ ತಟ್ಟೆ, 10 ಇಂಚು ಉದ್ದ, 7 ಇಂಚು ಅಗಲ. ಪಿನ್‌ಪಾಯಿಂಟ್ ಬಟನ್ ಒತ್ತಿದರೆ ಅದು ಒಂದು ಅಂಗೈಯಷ್ಟು ಜಾಗ ತೋರಿಸುತ್ತದೆ. ಅಗೆಯಲು ಶುರು ಮಾಡುವುದಕ್ಕೆ ಅಷ್ಟು ಸಾಕು. ಗುಂಡಿ ತೋಡಿದ ಮೇಲೆ ಅದರ ಒಳಗೆ ಆ ಕಾಯಿಲ್ ಹೋಗುವುದಿಲ್ಲ ಅಲ್ವಾ? ಪಿನ್‌ಪಾಯಿಂಟರ್ ಕೆಲಸ ಶುರುವಾಗುವುದು ಅಲ್ಲಿಂದಲೇ. ಮಧ್ಯಯುಗದ ಬೆಳ್ಳಿ ಪೆನ್ನಿಯ ಅಗಲ ಸುಮಾರು 18 ಮಿಲಿಮೀಟರ್, ತೂಕ ಒಂದೂವರೆ ಗ್ರಾಂ ಕೂಡ ಇಲ್ಲ. ಒಣಗಿದ ಎಲೆಯಷ್ಟು ತೆಳು. ಸಫೋಕ್‌ನ ಒದ್ದೆ ಜೇಡಿಮಣ್ಣು ಮೆತ್ತಿಕೊಂಡರೆ ಅದು ನಿಮ್ಮ ಕೈಯಲ್ಲೇ ಇದ್ದರೂ ಕಾಣುವುದಿಲ್ಲ. ಪಿನ್‌ಪಾಯಿಂಟರ್ ಇಲ್ಲದವರು ಏನು ಮಾಡುತ್ತಾರೆ? ಗುಂಡಿಯನ್ನು ಇನ್ನಷ್ಟು ಅಗಲ ಮಾಡುತ್ತಾರೆ, ಹೆಂಟೆಯನ್ನು ಸಲಿಕೆಯಿಂದ ಕುಟ್ಟಿ ಪುಡಿ ಮಾಡುತ್ತಾರೆ. ರೋಮನ್ ಕಾಲದಿಂದ ಮಣ್ಣಿನಲ್ಲಿ ಕೆಡದೆ ಉಳಿದ ಬಟ್ಟೆಪಿನ್ನಿಗೆ ಹೊಸದಾಗಿ ಕಚ್ಚು ಬೀಳುವುದು ಹಾಗೆ. ಅಂಥದ್ದನ್ನು ನೋಡಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಗುಂಡಿ ಚಿಕ್ಕದಾಗಿರಬೇಕು, ವಸ್ತು ಗಾಯವಿಲ್ಲದೆ ಹೊರಗೆ ಬರಬೇಕು. ಪಿನ್‌ಪಾಯಿಂಟರ್ ಇರುವುದು ಅದಕ್ಕೇ. ಆರಿಸುವಾಗಲೂ ಅದನ್ನೇ ನೋಡಿ.

ಆಳದ ವಿಷಯ. ಪಿನ್‌ಪಾಯಿಂಟರ್ ತುದಿಯಲ್ಲಿ ಬೆರಳಿನಷ್ಟು ದಪ್ಪದ ಒಂದು ಸಣ್ಣ ಕಾಯಿಲ್ ಇರುತ್ತದೆ. ಕಾಯಿಲ್ ಚಿಕ್ಕದಾದಷ್ಟೂ ಅದು ಮುಟ್ಟುವ ದೂರ ಕಡಿಮೆ. ಒಳ್ಳೆಯ ಪಿನ್‌ಪಾಯಿಂಟರ್ ಕೂಡ ಒಂದು ನಾಣ್ಯವನ್ನು ನಾಲ್ಕೈದು ಸೆಂಟಿಮೀಟರ್ ದೂರದಿಂದ ಹಿಡಿಯುತ್ತದೆ ಅಷ್ಟೇ. ಹತ್ತು ಸೆಂಟಿಮೀಟರ್ ಅಂತ ಜಾಹೀರಾತಿನಲ್ಲಿ ಇದ್ದರೆ ಅದು ಗಾಳಿಯಲ್ಲಿ ದೊಡ್ಡ ಲೋಹದ ತುಂಡಿಟ್ಟು ನೋಡಿದ ಲೆಕ್ಕ ಅಂತಲೇ ಇಟ್ಟುಕೊಳ್ಳಿ. ಇನ್ನೊಂದು ಮಾತು. ಜಾಸ್ತಿ ಶಕ್ತಿ ಇದ್ದರೆ ಒಳ್ಳೆಯದು ಅಂತೇನಿಲ್ಲ. ಗುಂಡಿಯಲ್ಲಿ ಎಲ್ಲಿ ಇಟ್ಟರೂ ಒಂದೇ ಸಮನೆ ಕೂಗುವ ಉಪಕರಣದಿಂದ ಏನು ಗೊತ್ತಾಗುತ್ತದೆ? ವಸ್ತು ಎಡಗೋಡೆಯಲ್ಲಿದೆಯಾ, ತಳದಲ್ಲಿದೆಯಾ ಅಂತ ಹೇಳಬೇಕಾದರೆ ಅದು ಹತ್ತಿರ ಬಂದಷ್ಟೂ ಜೋರಾಗಬೇಕು, ದೂರ ಹೋದರೆ ಸುಮ್ಮನಾಗಬೇಕು.

ಅದಕ್ಕೇ ನಾನು ಮೊದಲು ಕೇಳುವುದು ರೀಟ್ಯೂನ್ ಇದೆಯಾ ಅಂತ. ಗ್ಯಾರೆಟ್ ಪ್ರೊ-ಪಾಯಿಂಟರ್ ಎಟಿಯಲ್ಲಿ ಇದು ತುಂಬ ಸುಲಭ. ವಸ್ತುವಿನ ಹತ್ತಿರ ಶಬ್ದ ಬರುತ್ತಿರುವಾಗಲೇ ಬಟನ್ ಒಮ್ಮೆ ಚುರುಕಾಗಿ ಒತ್ತಿ ಬಿಡಬೇಕು. ಅಲ್ಲಿಯವರೆಗಿನ ಸಿಗ್ನಲ್ಲನ್ನೇ ಅದು ಸೊನ್ನೆ ಅಂತ ತೆಗೆದುಕೊಳ್ಳುತ್ತದೆ. ಈಗ ಇನ್ನೂ ಹತ್ತಿರ ಹೋದರೆ ಮಾತ್ರ ಕೂಗುತ್ತದೆ. ದೊಡ್ಡ ವಸ್ತು ಇದ್ದಾಗ, ಅಥವಾ ಅಕ್ಕಪಕ್ಕ ಎರಡು ಮೂರು ವಸ್ತು ಇದ್ದಾಗ, ಈ ಒಂದು ಸೌಲಭ್ಯ ಎಷ್ಟು ಕೆಲಸ ಉಳಿಸುತ್ತದೆ ಅಂತ ಬಳಸಿದವರಿಗೇ ಗೊತ್ತು. ಸೂಕ್ಷ್ಮತೆಯ ಮಟ್ಟ ಬದಲಿಸುವ ಅವಕಾಶವೂ ಇರಲಿ. ಎಟಿಯಲ್ಲಿ ಮೂರು ಮಟ್ಟ, ಮಿನೆಲ್ಯಾಬ್ ಪ್ರೊ-ಫೈಂಡ್ 35ರಲ್ಲಿ ಐದು. ಎಕ್ಸ್‌ಪಿ ಎಂಐ-6ರಲ್ಲಿ ಐವತ್ತು ಇವೆ. ಹೊಲದಲ್ಲಿ ಮಂಡಿಯೂರಿ ಕೂತವರಿಗೆ ಐವತ್ತು ಮಟ್ಟ ಬೇಕಾಗುವುದಿಲ್ಲ. ಎಂಐ-6ರ ನಿಜವಾದ ಗುಣ ಬೇರೆ. ಅದು ಎಕ್ಸ್‌ಪಿ ಡಿಯಸ್ ಡಿಟೆಕ್ಟರ್ ಜೊತೆ ತಂತಿಯಿಲ್ಲದೆ ಸೇರಿಕೊಂಡು ಅದರ ಹೆಡ್‌ಫೋನ್‌ನಲ್ಲೇ ಶಬ್ದ ಕೇಳಿಸುತ್ತದೆ. ನಿಮ್ಮ ಹತ್ತಿರ ಡಿಯಸ್ ಇಲ್ಲ, ಹಾಗಾಗಿ ಆ ದುಡ್ಡು ಕೊಡುವ ಅಗತ್ಯವಿಲ್ಲ.

ಕಡಲ ದಂಡೆಯ ಮಾತು ಎತ್ತಿದ್ದೀರಲ್ಲ, ಅದು ಮುಖ್ಯ. ಉಪ್ಪುನೀರಿನಲ್ಲಿ ನೆನೆದ ಮರಳಿನಲ್ಲಿ ವಿದ್ಯುತ್ ಹರಿಯುತ್ತದೆ. ಕಡಿಮೆ ಬೆಲೆಯ ಪಿನ್‌ಪಾಯಿಂಟರ್‌ಗಳು ಅದನ್ನೇ ಲೋಹ ಅಂದುಕೊಂಡು, ಮರಳು ಮುಟ್ಟಿದ ಕೂಡಲೇ ಕಿರುಚುತ್ತವೆ. ಒಣ ಮರಳಿನಲ್ಲಿ ಈ ತೊಂದರೆ ಇಲ್ಲ. ಅಲೆ ಬಂದು ಹೋಗುವ ಜಾಗದಲ್ಲಿ ಇದೆ. ಅಲ್ಲಿಗೆ ಪಲ್ಸ್ ಇಂಡಕ್ಷನ್ ಬಗೆಯವು, ಅಂದರೆ ಬಿಟ್ಟು ಬಿಟ್ಟು ವಿದ್ಯುತ್ ಮಿಡಿತ ಕಳಿಸಿ ಲೋಹ ಹುಡುಕುವಂಥವು, ಚೆನ್ನ. ನೊಕ್ಟಾ ಕಂಪನಿಯ ಪಲ್ಸ್‌ಡೈವ್ ಅಂಥದ್ದು. 60 ಮೀಟರ್ ಆಳದ ನೀರಿನವರೆಗೆ ತಾಳುತ್ತದೆ, ಮುಳುಗುಗಾರರೂ ಬಳಸುತ್ತಾರೆ. ವಾರವೆಲ್ಲ ಫೆಲಿಕ್ಸ್‌ಟೋ, ಲೋಸ್ಟಾಫ್ಟ್ ದಂಡೆಯಲ್ಲೇ ಇರುವವರಾದರೆ ಅದನ್ನೇ ಕೊಳ್ಳಿ ಅನ್ನುತ್ತಿದ್ದೆ. ಆಗಾಗ ಹೋಗುವವರಿಗೆ ರೀಟ್ಯೂನ್ ಸಾಕು. ತುದಿಯನ್ನು ಒದ್ದೆ ಮರಳಿಗೆ ತಾಗಿಸಿ, ಆಗ ಬಟನ್ ಒತ್ತಿ. ಮರಳಿನ ಸದ್ದು ಬಹುಪಾಲು ಅಡಗುತ್ತದೆ. ಸೂಕ್ಷ್ಮತೆ ಸ್ವಲ್ಪ ಕಮ್ಮಿಯಾಗುತ್ತದೆ, ಆದರೂ ಕೆಲಸ ನಡೆಯುತ್ತದೆ. ಹೊಲದಲ್ಲಿ ಮಾತ್ರ ಇದಕ್ಕೆ ಉಲ್ಟಾ ಅಭ್ಯಾಸ ಇಟ್ಟುಕೊಳ್ಳಿ. ಆನ್ ಮಾಡುವಾಗ ತುದಿ ಗಾಳಿಯಲ್ಲಿರಲಿ. ಸಲಿಕೆ, ಉಂಗುರ, ಮೊಬೈಲ್, ಉಕ್ಕಿನ ತುದಿಯ ಬೂಟು ಯಾವುದೂ ಹತ್ತಿರ ಇರಬಾರದು.

ಕಡಲಿಗೆ ಹೋಗದಿದ್ದರೂ ನೀರು ಒಳಗೆ ಹೋಗದಂಥದ್ದೇ ಬೇಕು. ಇಲ್ಲಿನ ಮಳೆ ನಿಮಗೆ ಹೇಳಬೇಕಾಗಿಲ್ಲ. ಸಂಜೆ ಮನೆಗೆ ಬಂದರೆ ಕೆಸರು ಮೆತ್ತಿದ ಉಪಕರಣವನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವಂತಿರಬೇಕು. ಎಟಿ 6 ಮೀಟರ್‌ವರೆಗೆ, ಪ್ರೊ-ಫೈಂಡ್ 35 ಮೂರು ಮೀಟರ್‌ವರೆಗೆ ತಾಳುತ್ತವೆ. ಬ್ಯಾಟರಿ ಮುಚ್ಚಳದ ರಬ್ಬರ್ ಬಳೆಯನ್ನು ಆಗಾಗ ನೋಡುತ್ತಿರಿ. ಅಲ್ಲೊಂದು ಮರಳ ಕಣ ಕೂತರೂ ನೀರು ನುಗ್ಗುತ್ತದೆ. ಉಪ್ಪುನೀರಿಗೆ ಇಳಿಸಿದ ದಿನ ಸಿಹಿನೀರಿನಲ್ಲಿ ತೊಳೆಯದೆ ಎತ್ತಿಡಬೇಡಿ.

ಶಬ್ದದ ಜೊತೆಗೆ ಕಂಪನವೂ ಇರಲಿ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡಾಗ, ಗಾಳಿ ಜೋರಾಗಿದ್ದಾಗ, ಸದ್ದು ಕೇಳುವುದಿಲ್ಲ. ಕೈಗೆ ಬರುವ ನಡುಕ ತಿಳಿಯುತ್ತದೆ. ಬಣ್ಣ ಕಿತ್ತಳೆಯೋ ಕೆಂಪೋ ಆಗಿರಲಿ. ಕಪ್ಪು ಪಿನ್‌ಪಾಯಿಂಟರ್ ಉತ್ತ ಹೊಲದಲ್ಲಿ ಬಿದ್ದರೆ ಅದನ್ನು ಹುಡುಕುವುದೇ ಒಂದು ಕೆಲಸ. ಎಟಿಯನ್ನು ಆನ್ ಮಾಡಿ ಮರೆತರೆ ಐದು ನಿಮಿಷದ ನಂತರ ಅದೇ ಕೂಗಿ ಕರೆಯುತ್ತದೆ. ಅದರ ಮೇಲೂ ಒಂದು ಸುರುಳಿ ದಾರದಿಂದ ಸೊಂಟದ ಪಟ್ಟಿಗೆ ಕಟ್ಟಿಕೊಳ್ಳಿ.

ಬ್ಯಾಟರಿ ವಿಷಯದಲ್ಲಿ ಎರಡು ಪಂಗಡಗಳಿವೆ. ಎಟಿಗೂ ಪ್ರೊ-ಫೈಂಡ್ 35ಕ್ಕೂ 9 ವೋಲ್ಟ್ ಬ್ಯಾಟರಿ. ನೊಕ್ಟಾ ಅಕ್ಯೂಪಾಯಿಂಟ್, ಎಂಐ-6 ಇವಕ್ಕೆ ಒಳಗೇ ಬ್ಯಾಟರಿ, ಚಾರ್ಜ್ ಮಾಡಬೇಕು. ನನ್ನ ಒಲವು 9 ವೋಲ್ಟ್ ಕಡೆಗೆ. ಜನವರಿಯ ಚಳಿಯಲ್ಲಿ ಹೊಲದ ನಡುವೆ ಬ್ಯಾಟರಿ ಮುಗಿದರೆ ಜೇಬಿನಲ್ಲಿರುವ ಇನ್ನೊಂದನ್ನು ಹಾಕಿ ಮುಂದುವರಿಯಬಹುದು.

ಕಬ್ಬಿಣವನ್ನು ಬೇರೆ ಸದ್ದಿನಲ್ಲಿ ಹೇಳುವ ಸೌಲಭ್ಯ ಪ್ರೊ-ಫೈಂಡ್ 35ರಲ್ಲೂ ಅಕ್ಯೂಪಾಯಿಂಟ್‌ನಲ್ಲೂ ಇದೆ. ಹಳೆಯ ಮನೆ ಇದ್ದ ಜಾಗದಲ್ಲಿ ಮೊಳೆಗಳ ರಾಶಿಯ ನಡುವೆ ಅದು ನೆರವಾಗುತ್ತದೆ. ಆದರೆ ಕಬ್ಬಿಣ ಅಂದ ಮಾತ್ರಕ್ಕೆ ಬಿಟ್ಟು ಹೋಗಬೇಡಿ. ಹೊರಗೆ ತೆಗೆದು ನೋಡಿ, ಕಸವಾದರೆ ಚೀಲಕ್ಕೆ ಹಾಕಿಕೊಳ್ಳಿ. ರೈತರಿಗೆ ಅದರಿಂದ ಖುಷಿ. ಕಾಂಪೋಸ್ಟ್ ಜೊತೆ ಹೊಲಕ್ಕೆ ಬರುವ ಅಲ್ಯೂಮಿನಿಯಂ ಚೂರುಗಳನ್ನು ಮಾತ್ರ ಯಾವ ಪಿನ್‌ಪಾಯಿಂಟರ್ ಕೂಡ ಬೇರೆ ಮಾಡಿ ಹೇಳುವುದಿಲ್ಲ.

25 ಪೌಂಡಿನದಕ್ಕೆ ಬರುತ್ತೇನೆ. ಉತ್ತ ಹೊಲದಲ್ಲಿ, ಒಣ ದಿನದಲ್ಲಿ, ಅವೂ ಕೆಲಸ ಮಾಡುತ್ತವೆ. ತೊಂದರೆ ಏನೆಂದರೆ ಬ್ಯಾಟರಿ ಇಳಿದಂತೆ, ಚಳಿ ಏರಿದಂತೆ ಅವುಗಳ ಟ್ಯೂನಿಂಗ್ ಜಾರುತ್ತದೆ. ಏನೂ ಇಲ್ಲದೆ ಕೂಗುತ್ತವೆ, ಇದ್ದಾಗ ಸುಮ್ನೆ ಇರುತ್ತವೆ. ಒಮ್ಮೆ ಅದರ ಮೇಲಿನ ನಂಬಿಕೆ ಹೋಯಿತೋ, ಕೈ ತಾನಾಗಿ ಸಲಿಕೆಯ ಕಡೆಗೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ನಕಲಿ ಮಾಲು. ಗ್ಯಾರೆಟ್ ಹೆಸರು ಹಾಕಿಕೊಂಡ ನಕಲಿಗಳು ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗುತ್ತವೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಕಂಪನಿ ಒಪ್ಪಿದ ಅಂಗಡಿಯಿಂದಲೇ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ದುಡ್ಡು ಬಿಗಿಯಾಗಿದ್ದರೆ ಅಂಥ ಅಂಗಡಿಯಲ್ಲೇ ಒಳ್ಳೆಯ ಕಂಪನಿಯ ಹಳೆಯದನ್ನು ಕೇಳಿ.

ನನ್ನ ಆಯ್ಕೆ ಗ್ಯಾರೆಟ್ ಪ್ರೊ-ಪಾಯಿಂಟರ್ ಎಟಿ. ಒಂದೇ ಬಟನ್, ದಪ್ಪ ಕೈಗವಸು ಹಾಕಿಕೊಂಡೇ ನಡೆಸಬಹುದು. ಮೊಳೆ ಜಾಸ್ತಿ ಇರುವ ಹೊಲವಾದರೆ ಪ್ರೊ-ಫೈಂಡ್ 35.

ಕೊಂಡ ಮೇಲೆ ಬಳಸುವ ಕ್ರಮವೂ ಮುಖ್ಯ. ಡಿಟೆಕ್ಟರ್ ಸದ್ದು ಬಂದ ಜಾಗದಲ್ಲಿ ಅಗೆಯುವ ಮೊದಲೇ ಪಿನ್‌ಪಾಯಿಂಟರ್ ತುದಿಯನ್ನು ನೆಲಕ್ಕೆ ಇಡಿ. ಅಲ್ಲೇ ಕೂಗಿದರೆ ವಸ್ತು ಮೇಲೇ ಇದೆ, ಸಲಿಕೆ ಬೇಡ, ಬೆರಳು ಸಾಕು. ಇಲ್ಲದಿದ್ದರೆ ಹುಲ್ಲುಗಾವಲಿನಲ್ಲಿ ಮೂರು ಕಡೆ ಕತ್ತರಿಸಿ, ನಾಲ್ಕನೆಯ ಕಡೆ ಬಿಟ್ಟು, ಹೆಂಟೆಯನ್ನು ಮಗುಚಿ. ಮೊದಲು ಹೆಂಟೆ, ಆಮೇಲೆ ಗುಂಡಿಯ ತಳ, ಆಮೇಲೆ ಗೋಡೆಗಳು. ಗೋಡೆಗಳಿಗೆ ತುದಿಗಿಂತ ಪಕ್ಕೆಯನ್ನು ಉಜ್ಜಿದರೆ ಬೇಗ ಆಗುತ್ತದೆ. ಈ ಹೊತ್ತಿನಲ್ಲಿ ಡಿಟೆಕ್ಟರ್ ಕಾಯಿಲ್ ದೂರ ಇರಲಿ, ಒಂದು ಇನ್ನೊಂದಕ್ಕೆ ಅಡ್ಡಿ ಮಾಡುತ್ತದೆ. ವಸ್ತು ಸಿಕ್ಕ ಮೇಲೆ ಗುಂಡಿಯನ್ನು ಮತ್ತೊಮ್ಮೆ ನೋಡಿ, ನಂತರ ಮುಚ್ಚಿ.

ಎಲ್ಲ ಕಡೆಯಿಂದಲೂ ಸಿಗ್ನಲ್ ಬಂದು, ನಾಣ್ಯಗಳ ಗುಂಪು ಕಂಡರೆ, ಅಲ್ಲಿಗೇ ನಿಲ್ಲಿಸಿ. ನಿಮ್ಮ ಸಫೋಕ್‌ನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. 1992ರ ನವೆಂಬರ್‌ನಲ್ಲಿ ಹಾಕ್ಸನ್ ಹಳ್ಳಿಯಲ್ಲಿ ಎರಿಕ್ ಲಾಸ್ ಅನ್ನುವವರು ರೈತ ಗೆಳೆಯರ ಕಳೆದುಹೋದ ಸುತ್ತಿಗೆ ಹುಡುಕಲು ಡಿಟೆಕ್ಟರ್ ಹಿಡಿದು ಹೋದರು. ಸಿಕ್ಕಿದ್ದು ರೋಮನ್ ಕಾಲದ ಚಿನ್ನ, ಬೆಳ್ಳಿ. ಅವರು ಪೂರ್ತಿ ಅಗೆಯಲಿಲ್ಲ, ಸುದ್ದಿ ಮುಟ್ಟಿಸಿದರು. ಪುರಾತತ್ವದವರು ಬಂದು ಸುಮಾರು 15,000 ನಾಣ್ಯಗಳನ್ನೂ ಬೆಳ್ಳಿ ಚಮಚ, ಒಡವೆಗಳನ್ನೂ ಇದ್ದ ಜೋಡಣೆಯಲ್ಲೇ ತೆಗೆದರು. ಯಾವುದು ಯಾವ ಪೆಟ್ಟಿಗೆಯಲ್ಲಿತ್ತು ಅಂತ ತಿಳಿಯಲು ಸಾಧ್ಯವಾಗಿದ್ದು ಅದರಿಂದಲೇ. ಆ ಸುತ್ತಿಗೆಯೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1996ರ ಟ್ರೆಷರ್ ಕಾಯ್ದೆಯ ಪ್ರಕಾರ ನಿಧಿ ಅನ್ನಿಸುವಂಥದ್ದು ಸಿಕ್ಕರೆ 14 ದಿನದೊಳಗೆ ಕೊರೋನರ್‌ಗೆ, ಅಂದರೆ ಇಂಥ ವಿಚಾರಣೆ ನಡೆಸುವ ಅಧಿಕಾರಿಗೆ, ತಿಳಿಸಬೇಕು. ಸಿಕ್ಕ ವಸ್ತುಗಳನ್ನು ದಾಖಲಿಸುವ ನಿಮ್ಮ ಜಿಲ್ಲೆಯ ಫೈಂಡ್ಸ್ ಲೈಸನ್ ಆಫೀಸರ್ ದಾರಿ ತೋರಿಸುತ್ತಾರೆ. ರೈತರ ಒಪ್ಪಿಗೆ ಬರವಣಿಗೆಯಲ್ಲಿರಲಿ. ಶೆಡ್ಯೂಲ್ಡ್ ಮಾನ್ಯುಮೆಂಟ್, ಅಂದರೆ ಕಾನೂನಿನ ರಕ್ಷಣೆಯಲ್ಲಿರುವ ಪುರಾತನ ತಾಣ ಅಂತ ಗುರುತಿಸಿದ ಜಾಗದಲ್ಲಿ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸುವುದೇ ಅಪರಾಧ.

ಕರ್ನಾಟಕಕ್ಕೆ ತರುವ ಯೋಚನೆ ಬಿಡಿ. ನಮ್ಮಲ್ಲೂ ನಿಧಿ ಕಾಯ್ದೆ ಜಾರಿಯಲ್ಲಿದೆ. ಮಣ್ಣಿನಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವಂತಿಲ್ಲ. ಇಂಗ್ಲೆಂಡಿನಲ್ಲಿ ಸಿಕ್ಕಿದ್ದನ್ನು ಬರೆದಿಡಲು, ಪರೀಕ್ಷಿಸಲು ಹವ್ಯಾಸಿಗಳಿಗಾಗಿಯೇ ಒಂದು ವ್ಯವಸ್ಥೆ ಇದೆ. ನಮ್ಮಲ್ಲಿ ಹವ್ಯಾಸಿಗಳಿಗೆ ಅಂಥ ದಾರಿ ಇಲ್ಲ. ನಿಧಿ ಆಸೆಗೆ ಹಳೆಯ ಗುಡಿಗಳ ನೆಲ ಅಗೆದು ಹಾಳು ಮಾಡುವವರ ಕಾಟ ನಮ್ಮ ಹಳ್ಳಿಗಳಿಗೆ ಮೊದಲೇ ಇದೆ. ಡಿಟೆಕ್ಟರ್ ಹಿಡಿದು ಹೊಲದಲ್ಲಿ ನಿಂತವರನ್ನು ಊರವರು ಅನುಮಾನದಿಂದ ನೋಡಿದರೆ ಅದರಲ್ಲಿ ತಪ್ಪಿಲ್ಲ.

ಅಂಗಡಿಗೆ ಹೋಗುವಾಗ ನಿಮ್ಮ 440, ಕೈಗವಸು, ಒಂದು ಸಣ್ಣ ಬೆಳ್ಳಿ ವಸ್ತು ಮೂರನ್ನೂ ಒಯ್ಯಿರಿ. ಕೈಗವಸು ಹಾಕಿಕೊಂಡು ಬಟನ್ ಒತ್ತಿ ನೋಡಿ. ಡಿಟೆಕ್ಟರ್ ಆನ್ ಇಟ್ಟು ಪಿನ್‌ಪಾಯಿಂಟರ್ ಹತ್ತಿರ ತನ್ನಿ, ಎಷ್ಟು ದೂರದಿಂದ ಗಲಾಟೆ ಶುರುವಾಗುತ್ತದೆ ಅಂತ ಗಮನಿಸಿ. ಬೆಳ್ಳಿ ವಸ್ತುವಿನ ಅಂಚನ್ನು ತುದಿಗೆ ಹಿಡಿದು ನೋಡಿ. ಮಣ್ಣಿನಲ್ಲಿ ಬಿಲ್ಲೆಗಳು ಮಲಗಿಯೇ ಇರುತ್ತವೆ ಅಂತಿಲ್ಲ, ನಿಂತೂ ಇರುತ್ತವೆ. ಅಂಚನ್ನು ಹಿಡಿಯಲಾರದ ಉಪಕರಣವನ್ನು ಅಲ್ಲೇ ಬಿಟ್ಟು ಬನ್ನಿ.