ಕಪ್ಪು ಪರದೆ ಬಂದರೆ ಆಟ ಕೆಟ್ಟಿದೆ ಅಂತಲ್ಲ

ಪ್ರಶ್ನೆ: ಮಗಳ ರಜೆಗೆಂದು ಹಳೆಯ ಕಂಪ್ಯೂಟರ್‌ಗೆ ಹಳೆಯ ಆಟ ಆಡಿಸಲೆಂದೇ ಇರುವ ಬಟೋಸೆರಾ ಲಿನಕ್ಸ್ ಹಾಕಿದ್ದೇನೆ. 4ನೇ ತಲೆಮಾರಿನ ಕೋರ್ ಐ3, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹಳೆಯ ಆರ್ಕೇಡ್ ಆಟಗಳು ಚೆನ್ನಾಗಿ ಓಡುತ್ತವೆ. ಆದರೆ ದುಡ್ಡು ಕೊಟ್ಟು ಕೊಂಡ ‘ಕಿಂಗ್ ಆಫ್ ಫೈಟರ್ಸ್ 13’ ಶುರು ಮಾಡಿದರೆ ಕಪ್ಪು ಪರದೆ, ಆಮೇಲೆ ಮತ್ತೆ ಮೆನು. ಫೈಲ್ ಹಾಳಾಗಿದೆಯಾ ಸರ್?
— ಓದುಗ, ಬದಿಯಡ್ಕ

ಉತ್ತರ: ಫೈಲ್ ಮೇಲೆ ಅನುಮಾನ ಬೇಡ. ಕುಂಬಳೆಯ ನಮ್ಮ ಮನೆಯ ಕಂಪ್ಯೂಟರ್‌ನಲ್ಲೂ ಇದೇ ಆಗಿತ್ತು. ಆಟಿಯ ಮಳೆಯಲ್ಲಿ ಎರಡು ರಾತ್ರಿ ಕೂತು ಆಟವನ್ನು ಮತ್ತೆ ಮತ್ತೆ ಕಾಪಿ ಮಾಡಿದ್ದೆ. ತಪ್ಪು ಇದ್ದದ್ದು ಬೇರೆ ಕಡೆ.

ಈ ಆಟ 2010ರಲ್ಲಿ ಬಂದದ್ದು ಟೈಟೊ ಟೈಪ್ ಎಕ್ಸ್2 ಎಂಬ ಆರ್ಕೇಡ್ ಯಂತ್ರದಲ್ಲಿ. ಆ ಪೆಟ್ಟಿಗೆಯ ಒಳಗಿದ್ದದ್ದು ವಿಂಡೋಸ್ ಎಕ್ಸ್‌ಪಿ ಓಡಿಸುವ ಪಿಸಿಯೇ. ನೀವು ಕೊಂಡದ್ದೂ ವಿಂಡೋಸ್ ಆಟ. ಹಾಗಾಗಿ ಇದನ್ನು ಹಳೆಯ ಆಟಗಳ ಜೊತೆ ಇಡಬೇಡಿ. ವಿಂಡೋಸ್ ಫೋಲ್ಡರ್‌ನಲ್ಲಿ ಇಡಿ. ಅಲ್ಲಿ ಅದನ್ನು ಓಡಿಸುವುದು ವೈನ್, ಅಂದರೆ ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ನಡೆಸುವ ತಂತ್ರಾಂಶ.

ಆಟದ ಫೋಲ್ಡರ್ ಹೆಸರಿನ ಕೊನೆಗೆ ಚುಕ್ಕಿ ಹಾಕಿ ಇಂಗ್ಲಿಷ್‌ನಲ್ಲಿ ಪಿಸಿ ಎಂದು ಬರೆಯಿರಿ. ಅದರೊಳಗೆ ಆಟೋರನ್ ಡಾಟ್ ಸಿಎಂಡಿ ಎಂಬ ಪುಟ್ಟ ಫೈಲ್ ಬೇಕು. ಸಿಎಂಡಿ ಸಾಲಿನಲ್ಲಿ ಆಟ ಶುರು ಮಾಡುವ ಇಎಕ್ಸ್‌ಇ ಫೈಲಿನ ಹೆಸರು, ಡಿಐಆರ್ ಸಾಲಿನಲ್ಲಿ ಅದಿರುವ ಜಾಗ. ಲಿನಕ್ಸ್‌ಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ. ಒಂದು ಅಕ್ಷರ ತಪ್ಪಿದರೂ ಫೋಲ್ಡರ್ ಸಿಗುವುದಿಲ್ಲ.

ಇಷ್ಟೆಲ್ಲ ಸರಿ ಇದ್ದೂ ಪರದೆ ಕಪ್ಪಾದರೆ ಡಿಎಕ್ಸ್‌ವಿಕೆ ಕಡೆ ನೋಡಿ. ನನ್ನನ್ನು ಸತಾಯಿಸಿದ್ದು ಅದೇ. ವಿಂಡೋಸ್ ಆಟಗಳು ಚಿತ್ರ ತೋರಿಸಲು ಬಳಸುವ ಡೈರೆಕ್ಟ್‌ಎಕ್ಸ್ ಮಾತನ್ನು ಲಿನಕ್ಸ್‌ಗೂ ತಿಳಿಯುವ ವಲ್ಕನ್ ಎಂಬ ಗ್ರಾಫಿಕ್ಸ್ ಭಾಷೆಗೆ ಬದಲಿಸುವುದು ಅದರ ಕೆಲಸ. ಹೊಸ ಡಿಎಕ್ಸ್‌ವಿಕೆ ವಲ್ಕನ್ 1.3 ಕೇಳುತ್ತದೆ. ನಿಮ್ಮ ಐ3ಯ ಇಂಟೆಲ್ ಗ್ರಾಫಿಕ್ಸ್‌ಗೆ ಅಷ್ಟು ಶಕ್ತಿ ಇಲ್ಲ. ಆಟದ ಸೆಟ್ಟಿಂಗ್‌ನಲ್ಲಿ ಡಿಎಕ್ಸ್‌ವಿಕೆ ಆಫ್ ಮಾಡಿ. ಆಗ ವೈನ್ ಓಪನ್‌ಜಿಎಲ್ ಎಂಬ ಹಳೆಯ ಗ್ರಾಫಿಕ್ಸ್ ಭಾಷೆಯ ದಾರಿ ಹಿಡಿಯುತ್ತದೆ. ವೇಗ ಸ್ವಲ್ಪ ಕಡಿಮೆ, ಆದರೆ ಈ ಆಟಕ್ಕೆ ಸಾಕು. ರೆಸಲ್ಯೂಷನ್ 720ಕ್ಕೆ ಇಳಿಸಿದರೆ ಇನ್ನೂ ಹಗುರ.

ಆಟಗಳ ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿದೆಯಾ ಅಂತಲೂ ನೋಡಿ. ವೈನ್‌ಗೆ ಬೇಕಾದ ಸಿಂಬಾಲಿಕ್ ಲಿಂಕ್ (ಬೇರೆ ಕಡೆ ಇರುವ ಫೈಲನ್ನು ತೋರಿಸುವ ಕೊಂಡಿ) ಅದರಲ್ಲಿ ಆಗುವುದಿಲ್ಲ. ಡಿಸ್ಕನ್ನು ಲಿನಕ್ಸ್‌ನ ಇಎಕ್ಸ್‌ಟಿ4 ಫಾರ್ಮ್ಯಾಟ್‌ ಮಾಡಿಕೊಳ್ಳಿ, ಮೊದಲು ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಳದೆ ಹೋಗುತ್ತದೆ, ಅಲ್ವಾ? ಚಿಕ್ಕ ಯುಪಿಎಸ್ ಒಂದು ಇದ್ದರೆ ಡಿಸ್ಕ್ ಉಳಿಯುತ್ತದೆ.

ಮತ್ತೂ ಕಪ್ಪಾದರೆ ಲಾಗ್ಸ್ ಫೋಲ್ಡರ್‌ನಲ್ಲಿರುವ ಲಾಂಚ್ ಫೈಲಿನ ಕೊನೆಯ ಹತ್ತು ಸಾಲು ಬರೆದು ಕಳಿಸಿ. ಮಗಳ ರಜೆ ಮುಗಿಯುವ ಮೊದಲೇ ನೋಡಿ ಹೇಳುತ್ತೇನೆ.