ಕೋರಮ್ ಡಿಸ್ಕ್ ಆಫ್‌ಲೈನ್ ಆದರೂ ಎಲ್ಲ ಓಡ್ತಾ ಇದೆ, ಹಾಗೇ ಬಿಡಬಹುದಾ?

ಪ್ರಶ್ನೆ: ನಮ್ಮಲ್ಲಿ ಐಬಿಎಂ ಎಸ್‌ವಿಸಿ (ಸ್ಯಾನ್ ವಾಲ್ಯೂಮ್ ಕಂಟ್ರೋಲರ್, ಹಲವು ಸ್ಟೋರೇಜ್ ಬಾಕ್ಸ್‌ಗಳನ್ನು ಒಟ್ಟಿಗೆ ನಡೆಸುವ ವ್ಯವಸ್ಥೆ) ಕ್ಲಸ್ಟರ್ ಇದೆ. ನಾಲ್ಕು ನೋಡ್ (ಅಂದರೆ ಕ್ಲಸ್ಟರ್‌ನಲ್ಲಿರುವ ಕಂಪ್ಯೂಟರ್), ಎರಡು ಡೇಟಾ ಸೆಂಟರ್, ಒಂದೊಂದರಲ್ಲಿ ಎರಡು. ಮೂರನೇ ಕಟ್ಟಡದಲ್ಲಿ ಒಂದು ಹಳೇ ಸ್ಟೋರೇಜ್ ಬಾಕ್ಸ್ ಇತ್ತು, ಅದರಲ್ಲೊಂದು ಕೋರಮ್ ಡಿಸ್ಕ್ (ನೋಡ್‌ಗಳು ಎರಡು ಗುಂಪಾದರೆ ಯಾವುದು ಮುಂದುವರಿಯಬೇಕು ಅಂತ ತೀರ್ಮಾನಿಸುವ ಡಿಸ್ಕ್) ಇತ್ತು. ಆ ಬಾಕ್ಸನ್ನು ಹೋದ ತಿಂಗಳು ತೆಗೆದರು. ಈಗ ಕೋರಮ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಕೋರಮ್ ಕಮಾಂಡ್ ಕೊಟ್ಟರೆ ಮೂರರಲ್ಲಿ ಒಂದು ಆಫ್‌ಲೈನ್ ಅಂತ ತೋರಿಸುತ್ತದೆ. ಆದರೆ ಒಂದು ಅಪ್ಲಿಕೇಶನ್ ಕೂಡ ನಿಂತಿಲ್ಲ, ಯಾರಿಂದಲೂ ದೂರು ಬಂದಿಲ್ಲ. ನಮ್ಮ ಮ್ಯಾನೇಜರ್ "ಓಡ್ತಾ ಇದೆಯಲ್ಲ, ಆಮೇಲೆ ನೋಡೋಣ" ಅಂತಾರೆ. ನೀವೇನಂತೀರಿ? ಇದನ್ನು ಮಾನಿಟರ್ ಮಾಡೋದು ಹೇಗೆ?
– ಸ್ಟೋರೇಜ್ ಅಡ್ಮಿನ್, ವೈಟ್‌ಫೀಲ್ಡ್

ಉತ್ತರ: ಆಮೇಲೆ ಅಲ್ಲ, ಇವತ್ತೇ ನೋಡಿ. ಕೋರಮ್ ಡಿಸ್ಕ್ ಹೋದರೆ ಐ/ಒ (ಡೇಟಾ ಓದುವುದು, ಬರೆಯುವುದು) ನಿಲ್ಲುವುದಿಲ್ಲ, ಸ್ಪೀಡ್ ಕಮ್ಮಿ ಆಗುವುದಿಲ್ಲ, ಯೂಸರ್‌ಗೆ ಏನೂ ಗೊತ್ತಾಗುವುದಿಲ್ಲ. ಕಾರಿನ ಸ್ಟೆಪ್ನಿಯಲ್ಲಿ ಗಾಳಿ ಇಲ್ಲ ಅನ್ನೋದು ದಾರಿ ಮಧ್ಯೆ ಪಂಕ್ಚರ್ ಆದಾಗಲೇ ಗೊತ್ತಾಗೋದು, ಅಲ್ವಾ? ಇದೂ ಹಾಗೇ. ಅದಕ್ಕೇ "ಯಾರೂ ದೂರು ಕೊಟ್ಟಿಲ್ಲ" ಅನ್ನುವುದನ್ನು ಇಲ್ಲಿ ಲೆಕ್ಕಕ್ಕೇ ತಗೋಬೇಡಿ.

ಎಸ್‌ವಿಸಿಯಲ್ಲಿ ಸಾಮಾನ್ಯವಾಗಿ ಮೂರು ಕೋರಮ್ ಡಿಸ್ಕ್ ಇರುತ್ತವೆ. ಇಂಡೆಕ್ಸ್ 0, 1, 2. ಮೂರರಲ್ಲಿ ಒಂದು ಮಾತ್ರ ಆಕ್ಟಿವ್, ಉಳಿದೆರಡು ಕಾಯುತ್ತಾ ಇರುತ್ತವೆ. ಅವುಗಳಿಗೆ ಎರಡು ಕೆಲಸ. ಒಂದು, ಕ್ಲಸ್ಟರ್‌ನ ಕಾನ್ಫಿಗರೇಶನ್ ಮಾಹಿತಿಯ ಕಾಪಿ ಇಟ್ಟುಕೊಳ್ಳುವುದು. ಇಡೀ ಸಿಸ್ಟಮ್ ಬಿದ್ದು ರಿಕವರಿ ಮಾಡಬೇಕಾದಾಗ ಅದು ಬೇಕು. ಇನ್ನೊಂದು, ನೋಡ್‌ಗಳು ಸಮಸಮವಾಗಿ ಒಡೆದಾಗ ಯಾವ ಗುಂಪು ಮುಂದುವರಿಯಬೇಕು ಅಂತ ತೀರ್ಮಾನಿಸುವುದು. ನಿಮ್ಮ ಎರಡು ಸೆಂಟರ್‌ಗಳ ನಡುವಿನ ಲಿಂಕ್‌ಗಳೆಲ್ಲ ಒಂದೇ ಸಲ ಕಟ್ ಆದವು ಅಂದುಕೊಳ್ಳಿ. ಈ ಕಡೆ ಎರಡು ನೋಡ್, ಆ ಕಡೆ ಎರಡು. ಯಾರಿಗೂ ಬಹುಮತ ಇಲ್ಲ. ಆಗ ಎರಡೂ ಗುಂಪು ಆಕ್ಟಿವ್ ಕೋರಮ್ ಹಿಡಿಯಲು ಓಡುತ್ತವೆ, ಮೊದಲು ಹಿಡಿದವರು ಮುಂದುವರಿಯುತ್ತಾರೆ, ಇನ್ನೊಂದು ಗುಂಪು ತಾನಾಗಿಯೇ ನಿಲ್ಲುತ್ತದೆ. ಎರಡೂ ಕಡೆ ಬರೆಯುತ್ತಾ ಹೋಗಿ ಡೇಟಾ ಹಾಳಾಗದಿರುವುದು ಇದರಿಂದಲೇ.

ಆಕ್ಟಿವ್ ಆಗಿದ್ದದ್ದು ಹೋದರೆ ಉಳಿದವುಗಳಲ್ಲಿ ಒಂದನ್ನು ಸಿಸ್ಟಮ್ ತಾನೇ ಆಕ್ಟಿವ್ ಮಾಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನಿಮ್ಮ ವಿಷಯದಲ್ಲಿ ಅಪಾಯ ಇರುವುದೇ ಇಲ್ಲಿ. ಹೋಗಿರುವುದು ಮೂರನೇ ಕಟ್ಟಡದ್ದು, ಅಂದರೆ ಎರಡೂ ಸೆಂಟರ್‌ಗಳಿಂದ ದೂರ ಇದ್ದದ್ದು. ಹಾಗಾದರೆ ಈಗ ಆಕ್ಟಿವ್ ಆಗಿರುವುದು ನಿಮ್ಮ ಎರಡು ಸೆಂಟರ್‌ಗಳಲ್ಲಿ ಒಂದರಲ್ಲಿದೆ. ಅದು ಮೊದಲನೇ ಸೆಂಟರ್‌ನಲ್ಲಿದೆ ಅಂತಿಟ್ಟುಕೊಂಡು ಯೋಚನೆ ಮಾಡಿ: ಅಲ್ಲಿ ಪೂರ್ತಿ ಕರೆಂಟ್ ಹೋಯಿತು. ಎರಡು ನೋಡ್ ಹೋದವು, ಜೊತೆಗೇ ಕೋರಮ್ ಕೂಡ ಹೋಯಿತು. ಎರಡನೇ ಸೆಂಟರ್‌ನಲ್ಲಿ ಎಲ್ಲ ಸರಿಯಾಗಿದೆ, ಡೇಟಾದ ಕಾಪಿಯೂ ಇದೆ, ಆದರೆ ನಾಲ್ಕರಲ್ಲಿ ಎರಡೇ ನೋಡ್, ಕೋರಮ್ ಸಿಗುತ್ತಿಲ್ಲ, ಹಾಗಾಗಿ ಅವೂ ನಿಲ್ಲುತ್ತವೆ. ಅಷ್ಟೊಂದು ದುಡ್ಡು ಹಾಕಿ ಎರಡು ಸೆಂಟರ್ ಕಟ್ಟಿದ್ದು ಯಾವ ದಿನಕ್ಕೋ, ಅದೇ ದಿನ ಎರಡೂ ಬಂದ್. ಮ್ಯಾನೇಜರ್‌ಗೆ ಇಷ್ಟನ್ನೇ ಹೇಳಿ, ಸಾಕು. ಆಗಲೂ ಕೈಯಿಂದ ಎಬ್ಬಿಸುವ ದಾರಿ ಇದೆ, ಆದರೆ ಅದು ಸಪೋರ್ಟ್‌ನವರನ್ನು ಲೈನ್‌ನಲ್ಲಿ ಇಟ್ಟುಕೊಂಡು ಮಾಡುವ ಕೊನೇ ಕೆಲಸ.

ಸರಿಪಡಿಸೋದು ಕಷ್ಟ ಇಲ್ಲ. ಮೂರನೇ ಜಾಗದಲ್ಲಿ ಬೇರೆ ಸ್ಟೋರೇಜ್ ಇದ್ದರೆ ಅದರದೊಂದು ಎಂಡಿಸ್ಕನ್ನು (ಆ ಬಾಕ್ಸ್ ಎಸ್‌ವಿಸಿಗೆ ಕೊಡುವ ಡಿಸ್ಕ್) ಕೋರಮ್ ಬದಲಾಯಿಸುವ ಸಿಎಚ್‌ಕೋರಮ್ ಕಮಾಂಡ್‌ನಿಂದ ಆ ಇಂಡೆಕ್ಸ್‌ಗೆ ಕೊಡಿ. ಎಂಡಿಸ್ಕ್ ಮ್ಯಾನೇಜ್ಡ್ ಮೋಡ್‌ನಲ್ಲಿ (ಎಸ್‌ವಿಸಿಯ ಪೂಲ್‌ಗೆ ಸೇರಿ) ಇರಬೇಕು, ಹಳೇ ಡೇಟಾವನ್ನು ಇದ್ದ ಹಾಗೇ ತೋರಿಸುವ ಇಮೇಜ್ ಮೋಡ್‌ನದ್ದು ಆಗುವುದಿಲ್ಲ. ಸ್ಟೋರೇಜ್ ಬಾಕ್ಸ್‌ಗಳ (ಕಂಟ್ರೋಲರ್‌ಗಳ) ವಿವರ ತೋರಿಸುವ ಎಲ್‌ಎಸ್‌ಕಂಟ್ರೋಲರ್‌ ಕಮಾಂಡ್‌ನಲ್ಲಿ 'ಅಲೋ ಕೋರಮ್' ಅನ್ನುವ ಕಡೆ 'ಯೆಸ್' ಇದೆಯಾ ನೋಡಿ, ಎಲ್ಲ ಬಾಕ್ಸ್‌ಗಳಲ್ಲೂ ಕೋರಮ್ ಇಡಲು ಬಿಡುವುದಿಲ್ಲ. ಆಮೇಲೆ ಅದನ್ನೇ ಆಕ್ಟಿವ್ ಮಾಡಿ. ಇನ್ನೊಂದು ವಿಷಯ: ಎಲ್‌ಎಸ್‌ಕೋರಮ್‌ನಲ್ಲಿ ಹಳೇ ಡಿಸ್ಕ್‌ನ ಸಾಲಿನಲ್ಲಿ 'ಓವರ್‌ರೈಡ್ ಯೆಸ್' ಅಂತ ಇದೆಯಾ? ಇದ್ದರೆ ಅದನ್ನು ಯಾರೋ ಕೈಯಾರೆ ಅಲ್ಲೇ ಕೂರಿಸಿದ್ದಾರೆ ಅಂತ ಅರ್ಥ. ಹಾಗಿದ್ದಾಗ ಸಿಸ್ಟಮ್ ಅದನ್ನು ತಾನಾಗಿ ಬೇರೆ ಕಡೆಗೆ ಸಾಗಿಸುವುದಿಲ್ಲ, ಬಾಕ್ಸ್ ತೆಗೆಯುವ ಮುಂಚೆ ನಾವೇ ಸಾಗಿಸಬೇಕು. ಸ್ಟೋರೇಜ್ ತೆಗೆಯುವ ನಿಮ್ಮ ಚೆಕ್‌ಲಿಸ್ಟ್‌ನಲ್ಲಿ ಈ ಸಾಲು ಇಲ್ಲ ಅನ್ಸುತ್ತೆ, ಸೇರಿಸಿ.

ಈಗ ಮಾನಿಟರಿಂಗ್. ಜಾಸ್ತಿ ಜನ ಇಲ್ಲಿ ಒಂದೇ ಒಂದು ಪ್ರಶ್ನೆ ಕೇಳುವ ಸ್ಕ್ರಿಪ್ಟ್ ಬರೆದು ಬಿಡುತ್ತಾರೆ: ಆಕ್ಟಿವ್ ಕೋರಮ್ ಆನ್‌ಲೈನ್ ಇದೆಯಾ? ಇದೆ, ಹಸಿರು. ನಿಮ್ಮ ಕ್ಲಸ್ಟರ್ ಕೂಡ ಇವತ್ತು ಆ ಸ್ಕ್ರಿಪ್ಟ್‌ನಲ್ಲಿ ಹಸಿರೇ ತೋರಿಸುತ್ತದೆ, ಯಾಕಂದರೆ ಆಕ್ಟಿವ್ ಆಗಿರುವುದು ಆನ್‌ಲೈನ್ ಇದ್ದೇ ಇದೆ! ಎಲ್‌ಎಸ್‌ಕೋರಮ್‌ನಲ್ಲಿ ಮೂರೂ ಸಾಲು ಬಂದಿವೆಯಾ, ಮೂರೂ ಆನ್‌ಲೈನ್ ಇವೆಯಾ, ಮೂರೂ ಬೇರೆ ಬೇರೆ ಕಂಟ್ರೋಲರ್‌ನಲ್ಲಿವೆಯಾ, ಆಕ್ಟಿವ್ ಆಗಿರುವುದರ ಸೈಟ್ ನೀವು ಅಂದುಕೊಂಡಿರುವ ಸೈಟೇನಾ, ಇಷ್ಟನ್ನೂ ಕೇಳಬೇಕು. ಕೊನೆಯದನ್ನಂತೂ ಬಿಡಲೇಬೇಡಿ. ಬರೀ ನೋಡುವ ಹಕ್ಕಿರುವ ಮಾನಿಟರ್ ರೋಲ್‌ನ ಯೂಸರ್ ಒಂದನ್ನು ಮಾಡಿ, ಎಸ್‌ಎಸ್‌ಎಚ್ ಕೀ ಹಾಕಿ, ಐದು ನಿಮಿಷಕ್ಕೊಮ್ಮೆ ಓಡಿಸಿ. ಸೂಪರ್ ಯೂಸರ್ ಪಾಸ್‌ವರ್ಡನ್ನು ಸ್ಕ್ರಿಪ್ಟ್‌ನಲ್ಲಿ ಬರೆದಿಡಬೇಡಿ. ಕಮಾಂಡ್‌ಗೆ ಡಿಲಿಮ್ ಆಪ್ಷನ್ ಕೊಟ್ಟು ಕೋಲನ್‌ನಿಂದ ಕಾಲಮ್ ಬೇರೆ ಮಾಡಿಸಿ, ಖಾಲಿ ಕಾಲಮ್ ಬಂದಾಗ ಸ್ಪೇಸ್ ಎಣಿಸುವ ಸ್ಕ್ರಿಪ್ಟ್ ದಾರಿ ತಪ್ಪುತ್ತದೆ. ಜೊತೆಗೆ ಈವೆಂಟ್ ಲಾಗ್‌ನಲ್ಲಿ 1330 ಮತ್ತು 1335 ಬಂದರೆ ಮೆಸೇಜ್ ಬರುವ ಹಾಗೆ ಮಾಡಿ. 1330 ಅಂದರೆ ಕೋರಮ್‌ಗೆ ತಕ್ಕ ಡಿಸ್ಕ್ ಸಿಕ್ಕಿಲ್ಲ, 1335 ಅಂದರೆ ಕೋರಮ್ ಡಿಸ್ಕ್ ಸಿಗುತ್ತಿಲ್ಲ. ಸ್ಕ್ರಿಪ್ಟ್‌ಗೆ ಕ್ಲಸ್ಟರ್‌ನಿಂದ ಉತ್ತರವೇ ಬರಲಿಲ್ಲ ಅಂದರೆ? ಅದೂ ಕೆಂಪೇ ಆಗಬೇಕು, ಸುಮ್ನೆ ಹಳೇ ಹಸಿರನ್ನೇ ತೋರಿಸುತ್ತಾ ಕೂರಬಾರದು.

ಪ್ರಶ್ನೆ: ಮೂರನೇ ಜಾಗದಲ್ಲಿ ಸ್ಟೋರೇಜ್ ಇಡುವಷ್ಟು ಬಜೆಟ್ ಇಲ್ಲ. ಐಪಿ ಕೋರಮ್ (ಡಿಸ್ಕ್ ಬದಲು ನೆಟ್‌ವರ್ಕ್ ಮೂಲಕ ಕೋರಮ್ ಕೆಲಸ ಮಾಡುವ ಪ್ರೋಗ್ರಾಂ) ಹಾಕಿದರೆ ಸಾಕು ಅಂತಾರೆ. ನಮ್ಮ ವಿಎಂವೇರ್‌ನಲ್ಲೇ ಒಂದು ವಿಎಂ (ವರ್ಚುವಲ್ ಕಂಪ್ಯೂಟರ್) ಮಾಡಿ ಅದರಲ್ಲಿ ಹಾಕಬಹುದಾ?
– ಮೈಸೂರಿನ ಓದುಗರು

ಉತ್ತರ: ಐಪಿ ಕೋರಮ್ ಒಳ್ಳೇದೇ. ಮೂರನೇ ಜಾಗಕ್ಕೆ ಫೈಬರ್ ಚಾನೆಲ್ ಎಳೆಯುವ ಖರ್ಚು ಉಳಿಯುತ್ತದೆ. ಆದರೆ ಆ ವಿಎಂನ ಫೈಲ್‌ಗಳಿರುವ ಡೇಟಾಸ್ಟೋರ್ ಯಾವ ಕ್ಲಸ್ಟರ್‌ನದ್ದು? ಅದೇ ಎಸ್‌ವಿಸಿಯದ್ದಾದರೆ ಬೇಡವೇ ಬೇಡ. ಕ್ಲಸ್ಟರ್ ತೊಂದರೆಯಲ್ಲಿದ್ದಾಗ ಆ ವಿಎಂನ ಡಿಸ್ಕೇ ಸಿಗುವುದಿಲ್ಲ, ತೀರ್ಮಾನ ಹೇಳಬೇಕಾದವರೇ ಇಲ್ಲದ ಹಾಗಾಗುತ್ತದೆ. ಮೂರನೇ ಜಾಗದಲ್ಲಿ, ಸ್ವಂತ ಡಿಸ್ಕ್ ಇರುವ ಒಂದು ಚಿಕ್ಕ ಲಿನಕ್ಸ್ ಸರ್ವರ್ ಸಾಕು.

ಅದು ಒಂದು ಜಾವಾ ಪ್ರೋಗ್ರಾಂ. ಕ್ಲಸ್ಟರ್‌ನಲ್ಲೇ ಅದರ ಜಾರ್ ಫೈಲ್ ತಯಾರಿಸಿ ಆ ಸರ್ವರ್‌ಗೆ ಕಾಪಿ ಮಾಡಬೇಕು. ಎಲ್ಲ ನೋಡ್‌ಗಳ ಸರ್ವಿಸ್ ಐಪಿಗೂ 1260ನೇ ಟಿಸಿಪಿ ಪೋರ್ಟ್ ತೆರೆದಿರಬೇಕು, ಹೋಗಿ ಬರುವ ಸಮಯ 80 ಮಿಲಿಸೆಕೆಂಡ್ ದಾಟಬಾರದು. ಎಷ್ಟೋ ಕಡೆ ಇದನ್ನು ಯಾರೋ ಒಬ್ಬರು ಟರ್ಮಿನಲ್‌ನಲ್ಲಿ ಓಡಿಸಿ ಬಿಟ್ಟು ಹೋಗಿರುತ್ತಾರೆ, ಸರ್ವರ್ ರೀಬೂಟ್ ಆದ ದಿನ ಅದು ಮತ್ತೆ ಏಳುವುದಿಲ್ಲ. ದಯವಿಟ್ಟು ಸರ್ವರ್ ಎದ್ದಾಗ ತಾನಾಗಿ ಶುರುವಾಗುವ ಸಿಸ್ಟಮ್‌ಡಿ ಸರ್ವಿಸ್ ಮಾಡಿ. ನೋಡ್‌ನ ಸರ್ವಿಸ್ ಐಪಿ ಅಥವಾ ಕ್ಲಸ್ಟರ್‌ನ ಸರ್ಟಿಫಿಕೇಟ್ ಬದಲಾದರೆ ಹಳೇ ಜಾರ್ ಕೆಲಸಕ್ಕೆ ಬಾರದು, ಹೊಸದಾಗಿ ತಯಾರಿಸಿ ಹಾಕಬೇಕು. ಹಾಗಾಗಿ ಸರ್ವರ್‌ನಲ್ಲಿ ಜಾವಾ ಪ್ರೊಸೆಸ್ ಓಡ್ತಾ ಇದೆ ಅಂತ ನೋಡಿದರೆ ಸಾಲದು, ಕ್ಲಸ್ಟರ್ ಕಡೆಯಿಂದ ಎಲ್‌ಎಸ್‌ಕೋರಮ್‌ನಲ್ಲಿ ಅದು ಆನ್‌ಲೈನ್ ಕಾಣಬೇಕು. ಅಲ್ಲಿ ಅದರ ಆಬ್ಜೆಕ್ಟ್ ಟೈಪ್ 'ಡಿವೈಸ್' ಅಂತ ಇರುತ್ತದೆ.

ಪ್ರಶ್ನೆ: ನಮ್ಮದು ಚಿಕ್ಕ ಆಫೀಸು, ಎರಡು ನೋಡ್‌ನ ವಿಂಡೋಸ್ ಕ್ಲಸ್ಟರ್, ಒಂದು ಡಿಸ್ಕ್ ವಿಟ್ನೆಸ್ (ಇಲ್ಲಿ ಕೋರಮ್ ಡಿಸ್ಕ್‌ನ ಹಾಗೆ ಓಟು ಹಾಕುವ ಡಿಸ್ಕ್). ಗೆಟ್-ಕ್ಲಸ್ಟರ್‌ಕೋರಮ್ ದಿನಾ ಒಂದೇ ಉತ್ತರ ಕೊಡುತ್ತದೆ. ಅಂದರೆ ಎಲ್ಲ ಸರಿ ಇದೆ ಅಂತಲೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಅಲ್ಲ. ಆ ಕಮಾಂಡ್ ಹೇಳುವುದು ವಿಟ್ನೆಸ್ ಯಾವುದು ಅಂತ ಮಾತ್ರ, ಅದು ಹೇಗಿದೆ ಅಂತಲ್ಲ. ಗೆಟ್-ಕ್ಲಸ್ಟರ್‌ರಿಸೋರ್ಸ್‌ನಲ್ಲಿ ಅದರ ಸ್ಟೇಟ್ ನೋಡಿ. 2012 ಆರ್2 ಅಥವಾ ಅದಕ್ಕಿಂತ ಹೊಸದಾದರೆ ಕ್ಲಸ್ಟರ್‌ನ 'ವಿಟ್ನೆಸ್ ಡೈನಾಮಿಕ್ ವೇಟ್' ಕೂಡ ನೋಡಿ. ಎರಡೂ ನೋಡ್ ಮೇಲಿದ್ದಾಗ ಅದು 1 ಇರಬೇಕು. 0 ಇದ್ದರೆ ವಿಟ್ನೆಸ್‌ಗೆ ಓಟು ಇಲ್ಲ. ಡಿಸ್ಕ್ ಫೇಲ್ ಆದಾಗಲೂ ಕ್ಲಸ್ಟರ್ ಅದರ ಓಟನ್ನು ಕಿತ್ತುಕೊಂಡು 0 ಮಾಡುತ್ತದೆ. ಡಿಸ್ಕ್ ಕನಿಷ್ಠ 512 ಎಂಬಿ ಇದ್ದರೆ ಸಾಕು, ಡ್ರೈವ್ ಲೆಟರ್ ಬೇಡ, ಅದರಲ್ಲಿ ಬೇರೆ ಫೈಲ್ ಇಡಬೇಡಿ. ವಿಂಡೋಸ್ ಸರ್ವರ್ 2016 ಅಥವಾ ಆಮೇಲಿನದಾಗಿದ್ದು ಇಂಟರ್‌ನೆಟ್ ಚೆನ್ನಾಗಿದ್ದರೆ ಡಿಸ್ಕ್ ಬದಲು ಕ್ಲೌಡ್ ವಿಟ್ನೆಸ್ (ಮೈಕ್ರೋಸಾಫ್ಟ್‌ನ ಕ್ಲೌಡ್‌ನಲ್ಲಿರುವ ವಿಟ್ನೆಸ್) ಕೂಡ ಹಾಕಿಕೊಳ್ಳಬಹುದು. ಆಗ ಸ್ಟೇಟಸ್ ನೋಡುವ ಜೊತೆಗೆ, ಎರಡೂ ನೋಡ್‌ಗಳಿಂದ ಹೊರಗೆ 443ನೇ ಪೋರ್ಟ್ ತೆರೆದಿದೆಯಾ ಅಂತಲೂ ನೋಡುತ್ತಿರಿ, ಫೈರ್‌ವಾಲ್ ರೂಲ್ ಬದಲಾಯಿಸಿದ ದಿನವಂತೂ ತಪ್ಪದೆ.