ಲೇಸರಲ್ಲಿ ಕೊರೆದ್ರೆ ಆಸಿಡ್ ಹಚ್ಚೋದು ಬೇಡ್ವಾ?

ಪ್ರಶ್ನೆ: ಡಾಕ್ಟ್ರೇ, ನಂಗೆ ಎರಡು ದವಡೆ ಹಲ್ಲು ಹುಳುಕಾಗಿದೆ. ಡ್ರಿಲ್ ಶಬ್ದ ಕೇಳಿದ್ರೇ ಕೈಕಾಲು ತಣ್ಣಗಾಗುತ್ತೆ. ನಾನು ತೋರಿಸಿದ ಕಡೆ ಲೇಸರ್ ಇದೆ, ಅದ್ರಲ್ಲಿ ಕೊರೆದ್ರೆ ಹಲ್ಲು ತಾನಾಗೇ ತರಿತರಿ ಆಗುತ್ತೆ, ಆಸಿಡ್ ಹಚ್ಚೋದೇ ಬೇಡ, ಬಿಳಿ ಫಿಲ್ಲಿಂಗ್ ಇನ್ನೂ ಗಟ್ಟಿಯಾಗಿ ಅಂಟುತ್ತೆ ಅಂದ್ರು. ಇದು ನಿಜಾನಾ?

ಉತ್ತರ: ತರಿತರಿ ಆಗುತ್ತೆ ಅನ್ನೋದು ನಿಜ. ಆಸಿಡ್ ಬೇಡ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಯಾವ ಲೇಸರ್ ಅಂತ ಕೇಳಿ. ಒಸಡು ಕತ್ತರಿಸೋಕೆ ಇಟ್ಕೊಂಡಿರೋ ಡಯೋಡ್ ಲೇಸರ್ ಹಲ್ಲು ಕೊರೆಯೋಕೆ ಆಗಲ್ಲ. ಹಲ್ಲಿಗೆ ಸಾಮಾನ್ಯವಾಗಿ ಬಳಸೋದು ಎರ್ಬಿಯಂ ಲೇಸರ್, ಅದರ ತರಂಗದುದ್ದ 2940 ಅಥವಾ 2780 ನ್ಯಾನೋಮೀಟರ್. ಈ ಬೆಳಕನ್ನ ನೀರು ಚೆನ್ನಾಗಿ ಹೀರ್ಕೊಳ್ಳುತ್ತೆ. ಹಲ್ಲಿನೊಳಗಿರೋ ನೀರು ಒಂದೇ ಕ್ಷಣಕ್ಕೆ ಆವಿಯಾಗಿ ಸಿಡಿದು ಸುತ್ತ ಇರೋ ಗಟ್ಟಿ ಭಾಗವನ್ನ ಪುಡಿಪುಡಿಯಾಗಿ ಹಾರಿಸುತ್ತೆ, ಅದಕ್ಕೇ ಕುಯ್ ಅನ್ನೋ ಶಬ್ದ ಇಲ್ದೆ ಟಪ್ ಟಪ್ ಅಂತ ಕೇಳ್ಸುತ್ತೆ. ಹುಳುಕಾದ ಜಾಗದಲ್ಲಿ ನೀರು ಜಾಸ್ತಿ ಇರೋದ್ರಿಂದ ಅದು ಬೇಗ ಹೋಗುತ್ತೆ, ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮೆಲ್ ನಿಧಾನ.

ಡ್ರಿಲ್ ಮಾಡಿದ್ರೆ ಹಲ್ಲಿನ ಮೇಲೆ ತೆಳ್ಳಗೆ ಒಂದು ಪುಡಿಯ ಲೇಪ ಕೂತ್ಕೊಳ್ಳುತ್ತೆ, ನಾವು ಸ್ಮಿಯರ್ ಲೇಯರ್ ಅಂತೀವಿ. ಲೇಸರಲ್ಲಿ ಅದು ಇರಲ್ಲ, ಎನಾಮೆಲ್ ಕೆಳಗಿನ ಪದರವಾದ ಡೆಂಟಿನ್‌ನ ಸಣ್ಣ ಕೊಳವೆಗಳ ಬಾಯಿ ತೆರೆದೇ ಇರುತ್ತೆ. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಅಂಟು ಹಿಡಿಯೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ ಅನ್ಸುತ್ತೆ, ಆಸಿಡ್ ಬೇಡ ಅನ್ನೋ ಮಾತು ಹುಟ್ಟಿದ್ದೂ ಇಲ್ಲಿಂದಲೇ.

ಆದ್ರೆ ಅಂಟು ಹಿಡಿಯೋದು ಬರೀ ಒರಟುತನದಿಂದ ಅಲ್ಲ. 1955ರಲ್ಲಿ ಬ್ಯುನೊಕೋರ್ ಅನ್ನೋರು ಎನಾಮೆಲ್‌ಗೆ ಫಾಸ್ಫಾರಿಕ್ ಆಸಿಡ್ ಹಚ್ಚಿ ರಾಳ (ರೆಸಿನ್, ಬಿಳಿ ಫಿಲ್ಲಿಂಗಿಗೆ ಬಳಸೋ ಪ್ಲಾಸ್ಟಿಕ್ಕಿನಂಥ ವಸ್ತು) ಅಂಟಿಸಿ ತೋರಿಸಿದ್ರು, ನಾವು ಇವತ್ತಿಗೂ ಮಾಡ್ತಿರೋದು ಅದನ್ನೇ. ಎನಾಮೆಲ್‌ನಲ್ಲಿ ಆಸಿಡ್ ಸೂಕ್ಷ್ಮ ಗುಳಿ ಮಾಡುತ್ತೆ, ರಾಳ ಒಳಗಿಳಿದು ಗಟ್ಟಿಯಾಗಿ ಕಚ್ಕೊಳ್ಳುತ್ತೆ. ಡೆಂಟಿನ್ ಕಥೆ ಬೇರೆ. ಅಲ್ಲಿ ಆಸಿಡ್ ಖನಿಜವನ್ನ ಕರಗಿಸಿ ಕೊಲಾಜನ್ ನಾರನ್ನ ಬಿಡಿಸಿಡುತ್ತೆ, ಒಣಗಿದ ಹೀರೆಕಾಯಿಯೊಳಗಿನ ನಾರಿನ ಹಾಗೆ, ಆ ಎಳೆಗಳ ಸಂದಿಗೆ ರಾಳ ನುಗ್ಗಿ ಎರಡೂ ಸೇರಿ ಒಂದು ಪದರ ಆಗ್ಬೇಕು, ಫಿಲ್ಲಿಂಗ್ ನಿಲ್ಲೋದೇ ಆ ಪದರದ ಬಲದ ಮೇಲೆ. ಲೇಸರ್ ಶಾಖಕ್ಕೆ ಮೇಲಿನ ಕೆಲವು ಮೈಕ್ರಾನಿನಷ್ಟು ನಾರು ಬೆಂದು ಒಂದಕ್ಕೊಂದು ಮೆತ್ಕೊಂಡು ಬಿಡುತ್ತೆ, ಕೆಲವೊಮ್ಮೆ ಅದರ ಕೆಳಗೆ ಸಣ್ಣ ಬಿರುಕೂ ಬರುತ್ತೆ. ಆಗ ರಾಳ ಎಲ್ಲಿಗೆ ಇಳೀಬೇಕು ಹೇಳಿ? ಲ್ಯಾಬಲ್ಲಿ ಫಿಲ್ಲಿಂಗ್ ಎಳೆದು ನೋಡಿದ ಪರೀಕ್ಷೆಗಳು ಕೆಲವು ಹಿಡಿತ ಡ್ರಿಲ್‌ಗೆ ಸಮ ಅಂತಾವೆ, ಹಲವು ಕಮ್ಮಿ ಅಂತಾವೆ. ಎಷ್ಟು ಎನರ್ಜಿ ಇಟ್ರು, ನೀರು ಎಷ್ಟು ಬಿಟ್ರು, ಯಾವ ಬಾಂಡ್ (ಫಿಲ್ಲಿಂಗ್ ಹಿಡಿಸೋ ಅಂಟು) ಹಾಕಿದ್ರು ಅನ್ನೋದ್ರ ಮೇಲೆ ಫಲಿತಾಂಶ ಬದಲಾಗ್ತಾ ಹೋಗುತ್ತೆ.

ಹಾಗಾಗಿ ಲೇಸರ್ ಮಾಡಿಸ್ಕೊಳ್ಳಿ, ನಿಮ್ಮಷ್ಟು ಹೆದರೋರಿಗೆ ಅದು ನಿಜವಾಗ್ಲೂ ವರ, ನಡುಕ ಕಮ್ಮಿ, ಸಣ್ಣ ಹುಳುಕಾದ್ರೆ ಎಷ್ಟೋ ಜನಕ್ಕೆ ಇಂಜೆಕ್ಷನ್ನೂ ಬೇಕಾಗಲ್ಲ (ಎಲ್ಲರಿಗೂ ಅಲ್ಲ). ಆದ್ರೆ ಕೊರೆದಾದ್ಮೇಲೆ ಎನರ್ಜಿ ತಗ್ಗಿಸಿ ಮೇಲ್ಮೈನ ಒಂದ್ಸಲ ನಯ ಮಾಡಿ, ಆಮೇಲೆ ಆಸಿಡ್ಡೂ ಹಚ್ಚಿ ಅಂತ ಕೇಳಿ. ಆಸಿಡ್ ಅಂದ ತಕ್ಷಣ ಗಾಬರಿ ಬೇಡ, ಅದು 35ರಿಂದ 37 ಪರ್ಸೆಂಟ್ ಜೆಲ್ಲು, ಎನಾಮೆಲ್ ಮೇಲೆ 15ರಿಂದ 30 ಸೆಕೆಂಡ್, ಡೆಂಟಿನ್ ಮೇಲೆ 15 ಸೆಕೆಂಡ್ ಇದ್ರೆ ಸಾಕು, ತೊಳೆದು ತೆಗೀತಾರೆ. ಸೆಲ್ಫ್ ಎಚ್ ಬಾಂಡ್ (ಆಸಿಡ್ ಗುಣ ತನ್ನಲ್ಲೇ ಇರೋ ಅಂಟು) ಹಾಕೋರಾದ್ರೂ ಎನಾಮೆಲ್ ಅಂಚಿಗೆ ಆಸಿಡ್ ಹಚ್ಚಿದ್ರೆ ಒಳ್ಳೇದು. ಇನ್ನೊಂದು, ಎಂಥಾ ಲೇಸರ್ ಇದ್ರೂ ಅಂಟಿಸೋ ಹೊತ್ತಲ್ಲಿ ಎಂಜಲು ತಾಗಿದ್ರೆ ಎಲ್ಲಾ ಹಾಳು, ರಬ್ಬರ್ ಡ್ಯಾಮ್ (ಎಂಜಲು ತಾಗದ ಹಾಗೆ ಹಲ್ಲಿನ ಸುತ್ತ ಹಾಕೋ ರಬ್ಬರ್ ಹಾಳೆ) ಹಾಕ್ತಾರಾ ಅಂತ ಕೇಳೋದು ಲೇಸರ್ ಬಗ್ಗೆ ಕೇಳೋದಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ.

ನೀರಿನ ಸ್ಪ್ರೇ ಇಲ್ದೆ ಲೇಸರ್ ಹೊಡೀಬಾರ್ದು. ನರದ ಹತ್ರ ಶಾಖ ಏರಬಾರ್ದು, 1965ರಲ್ಲಿ ಕೋತಿಗಳ ಹಲ್ಲಿನ ಮೇಲೆ ನಡೆದ ಪ್ರಯೋಗದಲ್ಲಿ 5.5 ಡಿಗ್ರಿ ಸೆಲ್ಸಿಯಸ್ ಏರಿದಾಗಲೇ ಕೆಲವು ಹಲ್ಲಿನ ನರ ಸತ್ತುಹೋಗಿತ್ತು. ಆ ಲೇಸರ್‌ಗೇ ಅಂತ ಇರೋ ಕನ್ನಡಕ ನಿಮಗೂ ಹಾಕ್ಬೇಕು. ಹಳೇ ಬೆಳ್ಳಿ ಫಿಲ್ಲಿಂಗೋ ಲೋಹದ ಕ್ಯಾಪೋ ಇದ್ರೆ ಅದನ್ನ ತೆಗೆಯೋಕೆ ಡ್ರಿಲ್ಲೇ ಬೇಕು.

ರಾತ್ರಿ ಹೊತ್ತು ಸುಮ್ನೆ ಮಲಗಿದ್ದಾಗ್ಲೂ ಹಲ್ಲು ತಾನಾಗೇ ನೋಯ್ತಿದ್ಯಾ, ಬಿಸಿ ತಾಗಿದ್ರೆ ತುಂಬಾ ಹೊತ್ತು ನೋವು ಇರುತ್ತಾ, ಅದನ್ನ ನೀವು ಬರೆದಿಲ್ಲ. ಹಾಗಿದ್ರೆ ಹುಳುಕು ನರದ ತನಕ ಹೋಗಿರಬಹುದು, ಲೇಸರೋ ಡ್ರಿಲ್ಲೋ ಅನ್ನೋದಕ್ಕೆ ಮುಂಚೆ ಒಂದು ಎಕ್ಸ್‌ರೇ ತೆಗೆಸಿ ನೋಡಿ.